ಮುರಿಯುವುದು 70ರಲ್ಲಿ, ಶುರುವಾಗುವುದು 45ರಲ್ಲಿ

ಬಚ್ಚಲಲ್ಲಿ ಕಾಲು ಜಾರುತ್ತದೆ. ರಾತ್ರಿ ಟಾಯ್ಲೆಟ್‌ಗೆಂದು ಎದ್ದಾಗ ಮ್ಯಾಟಿಗೆ ಕಾಲು ಸಿಕ್ಕಿ ಮುಗ್ಗರಿಸುತ್ತಾರೆ. ಮಳೆಗಾಲದಲ್ಲಿ ಅಂಗಳದ ಪಾಚಿ ಮೇಲೆ ಕಾಲಿಡುತ್ತಾರೆ. ವಯಸ್ಸಾದ ಹೆಂಗಸರ ಹಿಪ್ ಫ್ರಾಕ್ಚರ್ ಬಹುಪಾಲು ಆಗುವುದು ಹೀಗೆ. ಮರದಿಂದ ಬಿದ್ದೂ ಅಲ್ಲ, ಬೈಕ್ ಗುದ್ದಿಯೂ ಅಲ್ಲ, ನಿಂತ ಎತ್ತರದಿಂದ ಬಿದ್ದು. ಗಟ್ಟಿ ಮೂಳೆ ಇಷ್ಟಕ್ಕೆಲ್ಲ ಮುರಿಯುವುದಿಲ್ಲ. ಆದರೂ ನೋಡೋಕೆ ಬಂದ ನೆಂಟರು ಕೇಳುವುದು "ಹೇಗೆ ಬಿದ್ರಿ?" ಅಂತಲೇ. ಮೂಳೆ ಯಾಕೆ ಇಷ್ಟು ಸುಲಭವಾಗಿ ಮುರಿಯಿತು ಅಂತ ಯಾರೂ ಕೇಳುವುದಿಲ್ಲ. ಆಸ್ಪತ್ರೆಯಲ್ಲೂ ಎಷ್ಟೋ ಸಲ ಕೇಳುವುದಿಲ್ಲ. ರಾಡ್ ಹಾಕುತ್ತಾರೆ, ಹೊಲಿಗೆ ಬಿಚ್ಚುತ್ತಾರೆ, ಕ್ಯಾಲ್ಸಿಯಂ ಮಾತ್ರೆ ಬರೆದು ಕಳಿಸುತ್ತಾರೆ. ಮುರಿದ ಜಾಗಕ್ಕೆ ಚಿಕಿತ್ಸೆ ಆಯ್ತು. ಮುರಿಯುವ ಮೂಳೆಗೆ ಆಗಲಿಲ್ಲ.

ಇಲ್ಲಿ ಮುರಿಯುವುದು ತೊಡೆಮೂಳೆಯ ಮೇಲ್ತುದಿ. ಸೊಂಟದ ಕೀಲಿನೊಳಗೆ ಕೂರುವ ಗುಂಡಿನ ಕೆಳಗಿನ ಸಣ್ಣ ಕತ್ತು, ಅಥವಾ ಅದಕ್ಕಿಂತ ಸ್ವಲ್ಪ ಕೆಳಗಿನ ದಪ್ಪ ಭಾಗ. ಕತ್ತು ಮುರಿದರೆ ಆ ಗುಂಡಿನ ರಕ್ತನಾಳಗಳೂ ಹರಿಯುತ್ತವೆ, ಆ ಗುಂಡು ಸತ್ತುಹೋಗಬಹುದು. ಅದಕ್ಕೇ ವಯಸ್ಸಾದವರಿಗೆ ಅದನ್ನು ಜೋಡಿಸಲು ಹೋಗದೆ ತೆಗೆದು, ಲೋಹದ ಗುಂಡು ಕೂರಿಸುತ್ತಾರೆ. ಕೆಳಗಿನ ಭಾಗ ಮುರಿದರೆ ಒಳಗೆ ರಾಡ್ ಅಥವಾ ಪ್ಲೇಟ್, ಸ್ಕ್ರೂ.

ಮೂಳೆ ಅನ್ನುವುದು ಒಮ್ಮೆ ಕಟ್ಟಿ ಮುಗಿಸಿದ ವಸ್ತುವಲ್ಲ. ಹಳೆಯದನ್ನು ಅಗೆಯುವ ಜೀವಕೋಶಗಳಿವೆ, ಆ ಗುಂಡಿ ತುಂಬುವ ಜೀವಕೋಶಗಳೂ ಇವೆ. ಅಗೆಯುವವರನ್ನು ಹದ್ದುಬಸ್ತಿನಲ್ಲಿಡುವುದು ಈಸ್ಟ್ರೋಜನ್ ಹಾರ್ಮೋನು. ಮುಟ್ಟು ನಿಂತ ಮೇಲೆ ಅದು ಇಳಿಯುತ್ತದೆ. ಆಮೇಲಿನ ಕಥೆ ಬೆಂಗಳೂರಿನ ರಸ್ತೆಯದ್ದೇ: ಅಗೆಯುವವರು ಜಾಸ್ತಿ, ಮುಚ್ಚುವವರು ಕಡಿಮೆ. ಮುಟ್ಟು ನಿಂತ ಮೊದಲ 5ರಿಂದ 7 ವರ್ಷಗಳಲ್ಲಿ ಈ ನಷ್ಟ ಅತಿ ವೇಗ. ಕೆಲವರಲ್ಲಿ ಮೂಳೆಯ ಸಾಂದ್ರತೆ ಶೇ. 20ರವರೆಗೂ ಇಳಿಯುತ್ತದೆ. ಗಂಡಸರಿಗೂ ಮೂಳೆ ಕರಗುತ್ತದೆ, ಆದರೆ ನಿಧಾನವಾಗಿ, ಹೀಗೆ ಕುಸಿದುಬಿದ್ದಂತೆ ಅಲ್ಲ. ಈ ಇಡೀ ಕಾಲದಲ್ಲಿ ನೋವು ಅಂತ ಒಂದಿಷ್ಟೂ ಇರುವುದಿಲ್ಲ. ಮಂಡಿನೋವಿಗೂ ಇದಕ್ಕೂ ಸಂಬಂಧವಿಲ್ಲ. ಮಂಡಿ ನೋಯುತ್ತಿದೆ ಎಂದು ಡಾಕ್ಟರ ಹತ್ತಿರ ಹೋಗುವವರು ಬೇಕಾದಷ್ಟು ಜನ. ಮೂಳೆ ಟೊಳ್ಳಾಗುತ್ತಿದೆ ಎಂದು ಹೋಗುವವರು ಯಾರು? ಗೊತ್ತಾಗಬೇಕಲ್ಲ.

ಪಶ್ಚಿಮದ ದೇಶಗಳಲ್ಲಿ ಮುಟ್ಟು ನಿಲ್ಲುವ ಸರಾಸರಿ ವಯಸ್ಸು 51ರ ಆಸುಪಾಸು. ನಮ್ಮಲ್ಲಿ 46-47. ಅಂದರೆ ನಮ್ಮ ಹೆಂಗಸರ ಮೂಳೆ ನಾಲ್ಕೈದು ವರ್ಷ ಮೊದಲೇ ಈ ಇಳಿಜಾರಿಗೆ ಬೀಳುತ್ತದೆ. ಅದೂ ಎತ್ತರದಿಂದ ಶುರುವಾದ ಇಳಿಜಾರಲ್ಲ. ಮೂಳೆ ಗಟ್ಟಿಯಾಗುವುದು 25-30 ವಯಸ್ಸಿನವರೆಗೆ. ಆ ಹೊತ್ತಿನಲ್ಲಿ ಹಾಲು, ಮೊಸರು, ಮೊಟ್ಟೆ ಗಂಡುಮಕ್ಕಳ ತಟ್ಟೆಗೆ ಹೋಗಿ, ಉಳಿದದ್ದನ್ನು ಹೆಂಗಸರು ಉಂಡ ಮನೆಗಳು ಎಷ್ಟಿರಲಿಲ್ಲ? ಈಗ 70 ದಾಟಿರುವವರು ಆ ಮನೆಗಳಲ್ಲಿ ಬೆಳೆದ ಹುಡುಗಿಯರೇ.

ಇದರ ಮೇಲೆ ಇನ್ನೊಂದು ವಿಷಯವಿದೆ. ಮೂಳೆಯ ಮಾತು ಬಂದಾಗ ಅದನ್ನು ಯಾರೂ ಎತ್ತುವುದಿಲ್ಲ. ಗರ್ಭಕೋಶ ತೆಗೆಸುವುದು. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ. 3ಕ್ಕಿಂತ ಸ್ವಲ್ಪ ಹೆಚ್ಚು ಮಂದಿ ಗರ್ಭಕೋಶ ತೆಗೆಸಿಕೊಂಡಿದ್ದಾರೆ. ಪಕ್ಕದ ಆಂಧ್ರ, ತೆಲಂಗಾಣಗಳಲ್ಲಿ ಇದು ಇನ್ನೂ ಎಷ್ಟೋ ಜಾಸ್ತಿ. ನಮ್ಮಲ್ಲೂ 2015ರಲ್ಲಿ ಕಲಬುರಗಿ ಜಿಲ್ಲೆಯ ತಾಂಡಾಗಳ ಲಂಬಾಣಿ ಮತ್ತು ದಲಿತ ಹೆಂಗಸರಿಗೆ ಬೇಕಿಲ್ಲದಿದ್ದರೂ ಗರ್ಭಕೋಶ ತೆಗೆದ ಪ್ರಕರಣಗಳು ಹೊರಬಂದವು. ಅವರಲ್ಲಿ ಎಷ್ಟೋ ಜನ 40 ಕೂಡ ದಾಟಿರಲಿಲ್ಲ. ಹೊಟ್ಟೆನೋವು, ಬಿಳಿಸೆರಗು ಎಂದು ಹೋದವರಿಗೆ "ತೆಗೆಸದಿದ್ದರೆ ಕ್ಯಾನ್ಸರ್ ಆಗುತ್ತೆ" ಎಂದು ಹೆದರಿಸಿದ್ದರು. ಬೇಕಿಲ್ಲದ ಇಂಥ ಆಪರೇಷನ್‌ಗಳನ್ನು ತಡೆಯುವ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಮೂರು ತಿಂಗಳಲ್ಲಿ ಜಾರಿ ಮಾಡಬೇಕು ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2023ರ ಏಪ್ರಿಲ್‌ನಲ್ಲಿ.

ಆ ಪ್ರಕರಣಗಳ ಚರ್ಚೆಯಲ್ಲಿ ಹಣ, ಮೋಸ, ಜಾತಿ ಎಲ್ಲ ಬಂದವು, ಬರಬೇಕಾದದ್ದೇ. ಮೂಳೆ ಮಾತ್ರ ಬರಲಿಲ್ಲ. ಗರ್ಭಕೋಶದ ಜೊತೆ ಎರಡೂ ಅಂಡಾಶಯ ತೆಗೆದರೆ ಅವತ್ತಿನಿಂದಲೇ ಈಸ್ಟ್ರೋಜನ್ ಬಂದ್. ಅಂಡಾಶಯ ಉಳಿಸಿದರೂ ಅದು ಸಾಮಾನ್ಯಕ್ಕಿಂತ ಬೇಗ ಕೆಲಸ ನಿಲ್ಲಿಸುವ ಸಾಧ್ಯತೆ ಜಾಸ್ತಿ. 32ರಲ್ಲಿ ಅಂಡಾಶಯ ಕಳೆದುಕೊಂಡ ಹೆಂಗಸಿನ ಮೂಳೆಗೆ 55 ಆಗುವ ಹೊತ್ತಿಗೆ, ಹಾರ್ಮೋನಿಲ್ಲದೆ 23 ವರ್ಷ ಕಳೆದಿರುತ್ತದೆ. ಹೀಗೆ ಬೇಗ ಹಾರ್ಮೋನ್ ನಿಂತವರಿಗೆ, ಬೇರೆ ತೊಂದರೆ ಇಲ್ಲದಿದ್ದರೆ, ಸಹಜವಾಗಿ ಮುಟ್ಟು ನಿಲ್ಲುವ ವಯಸ್ಸಿನವರೆಗಾದರೂ ಹಾರ್ಮೋನ್ ಕೊಡಬೇಕು ಎನ್ನುವುದು ವೈದ್ಯಲೋಕ ಒಪ್ಪಿರುವ ಮಾತು. ತಾಂಡಾದ ಹೆಂಗಸಿಗೆ ಇದನ್ನು ಯಾರು ಹೇಳಿದರು?

ಹಾರ್ಮೋನ್ ಅಂದರೆ ಪಟ್ಟಣದ ಓದಿದ ಹೆಂಗಸರೂ ಹೆದರುತ್ತಾರೆ. ಅದಕ್ಕೆ ಕಾರಣ 2002ರ ಅಮೆರಿಕದ ದೊಡ್ಡ ಪರೀಕ್ಷೆ. 16 ಸಾವಿರಕ್ಕೂ ಹೆಚ್ಚು ಹೆಂಗಸರ ಆ ಅಧ್ಯಯನದಲ್ಲಿ ಹಾರ್ಮೋನ್ ತೆಗೆದುಕೊಂಡವರಿಗೆ ಸ್ತನ ಕ್ಯಾನ್ಸರ್, ಪಾರ್ಶ್ವವಾಯು, ರಕ್ತ ಹೆಪ್ಪುಗಟ್ಟುವುದು ಜಾಸ್ತಿ ಕಂಡಿತು. ಪರೀಕ್ಷೆಯನ್ನೇ ಅರ್ಧಕ್ಕೆ ನಿಲ್ಲಿಸಿದರು. ಅದೇ ಪರೀಕ್ಷೆಯಲ್ಲಿ ಹಿಪ್ ಫ್ರಾಕ್ಚರ್ ಮೂರನೇ ಒಂದು ಭಾಗ ಕಡಿಮೆಯಾಗಿತ್ತು. ಅದು ಸುದ್ದಿಯಾಗಲಿಲ್ಲ. ಅಲ್ಲಿದ್ದವರ ಸರಾಸರಿ ವಯಸ್ಸು 63 ಎನ್ನುವುದೂ ಸುದ್ದಿಯಾಗಲಿಲ್ಲ. ಮುಟ್ಟು ನಿಂತು ಹತ್ತು ವರ್ಷದೊಳಗಿನವರ, 60 ದಾಟದವರ ಲೆಕ್ಕವೇ ಬೇರೆ ಎಂದು ಈಗ ಡಾಕ್ಟರುಗಳು ಹೇಳುತ್ತಾರೆ. ಎಲ್ಲರೂ ಹಾರ್ಮೋನ್ ನುಂಗಿ ಅಂತಲ್ಲ. 35ರಲ್ಲಿ ಅಂಡಾಶಯ ಹೋದವರಿಗೂ 65ರವರಿಗೂ ಒಂದೇ ಭಯ ಹಂಚುವುದು ತಪ್ಪು, ಅಷ್ಟೇ.

ತೊಡೆಮೂಳೆಗಿಂತ ಮೊದಲು ಎಷ್ಟೋ ಸಲ ಬೇರೆ ಏನಾದರೂ ಮುರಿದಿರುತ್ತದೆ. ಐವತ್ತೈದರಲ್ಲಿ ಮೆಟ್ಟಿಲಲ್ಲಿ ಜಾರಿ, ಕೈ ಊರಿ, ಮಣಿಕಟ್ಟು ಮುರಿದಿರುತ್ತದೆ. ಬ್ಯಾಂಡೇಜು, ಆರು ವಾರ, ಮುಗೀತು. ಇಲ್ಲವೇ ಬೆನ್ನುಮೂಳೆಯ ಒಂದು ಬಿಲ್ಲೆ ಒಳಗೇ ಕುಸಿದಿರುತ್ತದೆ. ಅದು ಹೆಚ್ಚಿನವರಿಗೆ ಗೊತ್ತೇ ಆಗುವುದಿಲ್ಲ, ಒಂದಷ್ಟು ದಿನ ಬೆನ್ನುನೋವು ಅಷ್ಟೇ. ಅಜ್ಜಿ ಗಿಡ್ಡವಾದರು, ಬೆನ್ನು ಬಾಗಿತು ಅಂತ ಮನೆಯವರು ಅಂದುಕೊಳ್ಳುತ್ತಾರೆ. ವಯಸ್ಸಾಯ್ತಲ್ಲ, ಅಂತಾರೆ. ಯೌವನದ ಎತ್ತರಕ್ಕಿಂತ ನಾಲ್ಕು ಸೆಂಟಿಮೀಟರ್ ಕಡಿಮೆಯಾಗಿದ್ದರೆ ಅದು ಬೆನ್ನುಮೂಳೆ ಮುರಿದ ಲಕ್ಷಣ ಇರಬಹುದು, ಒಂದು ಎಕ್ಸ್‌ರೇ ಸಾಕು. ಒಮ್ಮೆ ಹೀಗೆ ಮುರಿದವರಿಗೆ ಮತ್ತೆ ಮುರಿಯುವ ಅಪಾಯ ಸುಮಾರು ದುಪ್ಪಟ್ಟು. ಮಣಿಕಟ್ಟಿಗೆ ಬ್ಯಾಂಡೇಜ್ ಹಾಕಿದ ದಿನವೇ ಮೂಳೆಯ ಔಷಧಿ ಶುರುವಾಗಬೇಕಿತ್ತು. ಬ್ರಿಟನ್‌ನ ಎಷ್ಟೋ ಆಸ್ಪತ್ರೆಗಳಲ್ಲಿ ಇದಕ್ಕೆಂದೇ ಒಬ್ಬ ನರ್ಸ್ ಇರುತ್ತಾರೆ. 50 ದಾಟಿದ ಯಾರಿಗೇ ಮೂಳೆ ಮುರಿದರೂ ಹುಡುಕಿ, ಪರೀಕ್ಷೆ ಮಾಡಿಸಿ, ಔಷಧಿ ಬಿಡದಂತೆ ಬೆನ್ನುಹತ್ತುವುದೇ ಅವರ ಕೆಲಸ. ಗ್ಲಾಸ್ಗೋದಲ್ಲಿ 1990ರ ದಶಕದ ಕೊನೆಗೇ ಇದು ಶುರುವಾಯಿತು. ದೊಡ್ಡ ಯಂತ್ರವೇನೂ ಬೇಕಿಲ್ಲ. ಒಬ್ಬರು ನರ್ಸ್, ಒಂದು ರಿಜಿಸ್ಟರ್, ಒಂದು ಫೋನ್.

ಇನ್ನು ಬಿದ್ದ ದಿನದ ಮಾತು. ಮುರಿದ ಕಾಲು ಸಾಮಾನ್ಯವಾಗಿ ಗಿಡ್ಡವಾಗಿ, ಪಾದ ಹೊರಕ್ಕೆ ತಿರುಗಿ ಬಿದ್ದಿರುತ್ತದೆ. ಆದರೆ ಮೂಳೆ ಒಂದಕ್ಕೊಂದು ಕಚ್ಚಿಕೊಂಡು ಮುರಿದಿದ್ದರೆ ಕುಂಟುತ್ತಾ ನಡೆಯಲೂಬಹುದು. "ನಡೀತಿದ್ದಾರಲ್ಲ, ಬರೀ ಉಳುಕಿರಬೇಕು" ಎಂದು ಎಣ್ಣೆ ನೀವಿ ಕೂರಿಸುವವರಿದ್ದಾರೆ. ತೊಡೆಸಂದಿಯಲ್ಲಿ ನೋವಿದ್ದರೆ ಎಕ್ಸ್‌ರೇ ಮಾಡಿಸಲೇಬೇಕು. ಅದರಲ್ಲಿ ಕಾಣದೆ ನೋವು ಮಾತ್ರ ಹಾಗೇ ಇದ್ದರೆ ಎಂಆರ್‌ಐ.

ಮುಂದಿನ ಪ್ರಶ್ನೆ ಪ್ರತಿ ಮನೆಯಲ್ಲೂ ಬರುತ್ತದೆ. "ಈ ವಯಸ್ಸಲ್ಲಿ ಆಪರೇಷನ್ ಬೇಕಾ?" ಬೆಂಗಳೂರಿನ ಗಲ್ಲಿಗಲ್ಲಿಯಲ್ಲೂ ಪುತ್ತೂರು ಕಟ್ಟಿನ ಬೋರ್ಡು ಕಾಣುತ್ತದೆ. ಕೈ ಮುರಿದಾಗ ಅಲ್ಲಿಗೆ ಹೋಗಿ ಬಂದವರು ಇದಕ್ಕೂ ಅದನ್ನೇ ಹೇಳುತ್ತಾರೆ. ಆದರೆ ಈ ಜಾಗ ಮಾಂಸದ ಆಳದಲ್ಲಿದೆ. ಹೊರಗಿನಿಂದ ಪಟ್ಟಿ ಕಟ್ಟಿ ಅಲುಗಾಡದಂತೆ ಹಿಡಿಯಲು ಆಗುವುದೇ ಇಲ್ಲ. ಆಪರೇಷನ್ ಬೇಡ ಅಂದರೆ ಉಳಿಯುವ ದಾರಿ ಕಾಲಿಗೆ ತೂಕ ಕಟ್ಟಿ ವಾರಗಟ್ಟಲೆ ಮಲಗಿಸುವುದು. ಅಜ್ಜಿಯನ್ನು ಕೊಲ್ಲುವುದು ಆ ಮಲಗಿಕೆ. ಬೆನ್ನಲ್ಲಿ ಹುಣ್ಣು, ಎದೆಯಲ್ಲಿ ಕಫ ಕಟ್ಟಿ ನ್ಯುಮೋನಿಯಾ, ಮೂತ್ರದ ಸೋಂಕು, ಕಾಲಿನ ರಕ್ತ ಹೆಪ್ಪುಗಟ್ಟಿ ಶ್ವಾಸಕೋಶಕ್ಕೆ ಹೋಗುವುದು. ಆಪರೇಷನ್ ಅಪಾಯ ಎಂದು ಬೇಡ ಅನ್ನುವವರು ಎದುರಿಗಿರುವ ಈ ಅಪಾಯವನ್ನು ತಕ್ಕಡಿಗೆ ಹಾಕಿರುವುದೇ ಇಲ್ಲ. ಒಳ್ಳೆಯ ಚಿಕಿತ್ಸೆ ಸಿಕ್ಕರೂ ಹಿಪ್ ಫ್ರಾಕ್ಚರ್ ಆದ ಒಂದು ವರ್ಷದೊಳಗೆ ಐವರಲ್ಲಿ ಒಬ್ಬರು ತೀರಿಕೊಳ್ಳುತ್ತಾರೆ. ಉಳಿದವರಲ್ಲೂ ಹೆಚ್ಚುಕಡಿಮೆ ಅರ್ಧ ಜನ ಮೊದಲಿನಂತೆ ನಡೆಯುವುದಿಲ್ಲ. ಹಾಸಿಗೆ ಹಿಡಿದೇ ಇದ್ದ, ಕೊನೆಗಾಲದಲ್ಲಿರುವ ಕೆಲವರಿಗೆ ನೋವು ಕಡಿಮೆ ಮಾಡುತ್ತ ನೋಡಿಕೊಳ್ಳುವುದೇ ಸರಿ ಇರಬಹುದು. ಆದರೆ ನಿನ್ನೆವರೆಗೆ ನಡೆದಾಡುತ್ತಿದ್ದವರಿಗೆ 85 ಆದರೂ ಆಪರೇಷನ್ನೇ ನೋವಿಗೂ ಔಷಧಿ.

ಎಷ್ಟು ಬೇಗ? 2020ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ ಭಾರತವೂ ಸೇರಿ 17 ದೇಶಗಳ 2,970 ರೋಗಿಗಳಿದ್ದರು. ಅರ್ಧ ಜನರಿಗೆ ಸುಮಾರು 6 ಗಂಟೆಯಲ್ಲೇ, ಉಳಿದವರಿಗೆ ಸುಮಾರು 24 ಗಂಟೆಯಲ್ಲಿ ಆಪರೇಷನ್ ಆಯಿತು. ಸಾವಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ಬೇಗ ಆದವರಿಗೆ ಬುದ್ಧಿ ಕಲಕುವುದು ಕಡಿಮೆಯಾಯಿತು, ಬೇಗ ಎದ್ದು ನಿಂತರು, ಬೇಗ ಮನೆಗೆ ಹೋದರು. ಹಾಗಾಗಿ ಆಂಬುಲೆನ್ಸಿನಿಂದ ಸೀದಾ ಆಪರೇಷನ್ ಥಿಯೇಟರಿಗೆ ಓಡಬೇಕಿಲ್ಲ. ಒಂದೆರಡು ದಿನದೊಳಗೆ ಆಗಬೇಕು. ಬ್ರಿಟನ್‌ನಲ್ಲಿ ಗುರಿ 36 ಗಂಟೆ.

ನಮ್ಮಲ್ಲಿ ಆಗುವ ತಡದ ಲೆಕ್ಕವೇ ಬೇರೆ. ಮೊದಲು ಊರಿನ ಆಸ್ಪತ್ರೆ, ಅಲ್ಲಿಂದ ಜಿಲ್ಲೆಗೆ, ಅಲ್ಲಿಂದ ಬೆಂಗಳೂರಿಗೋ ಮಂಗಳೂರಿಗೋ. ಆಮೇಲೆ ಹಣ ಹೊಂದಿಸಬೇಕು. ಆಮೇಲೆ "ಹಾರ್ಟ್ ಫಿಟ್‌ನೆಸ್" ಬೇಕು, ಎಕೋ ಮಾಡುವವರು ಸೋಮವಾರ ಬರುತ್ತಾರೆ. ರಕ್ತ ತೆಳುವಾಗುವ ಕ್ಲೋಪಿಡೋಗ್ರೆಲ್ ನುಂಗುತ್ತಿದ್ದಾರೆ, ಐದು ದಿನ ಕಾಯಿರಿ ಅನ್ನುವುದು ಇನ್ನೊಂದು. ಈ ಕಾರಣಕ್ಕೆ ಕಾಯಬೇಕಿಲ್ಲ ಎಂದು ಬ್ರಿಟನ್, ಅಮೆರಿಕದ ಮಾರ್ಗಸೂಚಿಗಳು ಹೇಳುತ್ತವೆ. ಕೊನೆಗೆ, ಮಗ ಬರಲಿ. ಮಗ ಡಲ್ಲಾಸ್‌ನಲ್ಲಿದ್ದಾನೆ, ಟಿಕೆಟ್ ಸಿಗಬೇಕು. ದೂರದಲ್ಲಿರುವ ಮಕ್ಕಳು ಮಾಡಬಹುದಾದ ದೊಡ್ಡ ಉಪಕಾರ ಎಂದರೆ ಫೋನಿನಲ್ಲೇ "ನನಗೆ ಕಾಯಬೇಡಿ, ಇವತ್ತೇ ಸಹಿ ಹಾಕಿ" ಅನ್ನುವುದು. ಬರುವುದು ಆಮೇಲೆ ಬರಲಿ. ವಾಕರ್ ಹಿಡಿಸಿ ನಡೆಸಲು, ಊಟ ಮಾಡಿಸಲು ಆಗಲೇ ಜನ ಜಾಸ್ತಿ ಬೇಕು.

ಆಪರೇಷನ್ ಆದ ಮಾರನೆಯ ದಿನವೇ ಎಬ್ಬಿಸಿ ನಿಲ್ಲಿಸಬೇಕು. "ಪಾಪ, ಮಲಗಲಿ" ಅನ್ನುವ ಕರುಣೆ ಇಲ್ಲಿ ಕೆಡಿಸುತ್ತದೆ. ಎರಡನೇ ರಾತ್ರಿ ಅಜ್ಜಿ ಹುಚ್ಚುಹುಚ್ಚಾಗಿ ಮಾತಾಡಬಹುದು, ತೀರಿಹೋದ ಅಕ್ಕನನ್ನು ಕರೆಯಬಹುದು. ಅರಳುಮರಳು ಶುರುವಾಯ್ತು ಅಂತ ಮನೆಯವರು ಗಾಬರಿಯಾಗುತ್ತಾರೆ. ಹೆಚ್ಚಿನವರಲ್ಲಿ ಅದು ಇಳಿಯುತ್ತದೆ. ಕನ್ನಡಕ, ಕಿವಿಯ ಮಿಷನ್ ಹಾಕಿಸಿ, ನೀರು ಕುಡಿಸಿ, ಗುರುತಿನವರು ಪಕ್ಕದಲ್ಲಿದ್ದರೆ ಬೇಗ ಇಳಿಯುತ್ತದೆ. ಬ್ರಿಟನ್ 2007ರಲ್ಲಿ ದೇಶದ ಹಿಪ್ ಫ್ರಾಕ್ಚರ್‌ಗಳ ಲೆಕ್ಕ ಇಡಲು ಶುರು ಮಾಡಿತು. ಮೂಳೆ ಡಾಕ್ಟರ ಜೊತೆ ವೃದ್ಧರ ಡಾಕ್ಟರನ್ನೂ ಕೂರಿಸಿತು. ಮೂವತ್ತು ದಿನದೊಳಗಿನ ಸಾವು 2007ರಲ್ಲಿ ಶೇ. 10.9 ಇದ್ದದ್ದು 2011ಕ್ಕೆ ಶೇ. 8.5ಕ್ಕೆ ಇಳಿಯಿತು. ಹೊಸ ರಾಡೂ ಅಲ್ಲ, ಹೊಸ ಔಷಧಿಯೂ ಅಲ್ಲ. ಹೊತ್ತಿಗೆ ಸರಿಯಾಗಿ ಮಾಡಿದ್ದು, ಮಾಡಿದ್ದನ್ನು ಬರೆದಿಟ್ಟದ್ದು.

ನಮ್ಮಲ್ಲಿ ಲೆಕ್ಕ ಎಷ್ಟಿದೆ? ಹರಿಯಾಣದ ರೋಹ್ಟಕ್ ಜಿಲ್ಲೆಯಲ್ಲಿ ಎಣಿಸಿದಾಗ, 50 ದಾಟಿದ ಹೆಂಗಸರಲ್ಲಿ ವರ್ಷಕ್ಕೆ ಲಕ್ಷಕ್ಕೆ 159, ಗಂಡಸರಲ್ಲಿ 105 ಹಿಪ್ ಫ್ರಾಕ್ಚರ್ ಸಿಕ್ಕವು. ನಾರ್ವೆ, ಡೆನ್ಮಾರ್ಕ್‌ಗೆ ಹೋಲಿಸಿದರೆ ಕಡಿಮೆಯೇ. ಆದರೆ 2050ರ ಹೊತ್ತಿಗೆ ಭಾರತದಲ್ಲಿ 60 ದಾಟಿದವರು ಸುಮಾರು 35 ಕೋಟಿ ಆಗುತ್ತಾರೆ ಎನ್ನುತ್ತದೆ ವಿಶ್ವಸಂಸ್ಥೆಯ ಅಂದಾಜು. ಲಕ್ಷಕ್ಕೆ ಎಷ್ಟು ಎಂಬುದು ಏರದೇ ಇದ್ದರೂ ಒಟ್ಟು ಸಂಖ್ಯೆ ಏರುತ್ತದೆ.

ಇಷ್ಟು ಓದಿದವರು "ರಾಗಿ ತಿಂದರೆ ಸಾಕಲ್ವಾ?" ಅನ್ನಬಹುದು. ಹಿಟ್ಟಂ ತಿಂದಂ ಬೆಟ್ಟಂ ಕಿತ್ತಿಟ್ಟಂ ಎಂದು ನಂಬಿದ ಜನ ನಾವು. ನಂಬಿಕೆ ಸುಳ್ಳೇನಲ್ಲ. 100 ಗ್ರಾಂ ರಾಗಿಯಲ್ಲಿ 350 ಮಿಲಿಗ್ರಾಂ ಆಸುಪಾಸು ಕ್ಯಾಲ್ಸಿಯಂ ಇದೆ, ಅಕ್ಕಿ-ಗೋಧಿ ಹತ್ತಿರವೂ ಬರುವುದಿಲ್ಲ. ಮುಟ್ಟು ನಿಂತವರಿಗೆ ದಿನಕ್ಕೆ ಬೇಕಾದದ್ದು 1,200 ಮಿಲಿಗ್ರಾಂ. ಒಂದು ಮುದ್ದೆ, ಎರಡು ಲೋಟ ಹಾಲು ಅಥವಾ ಮಜ್ಜಿಗೆ, ಚಟ್ನಿಯಲ್ಲಿ ಒಂದಷ್ಟು ಕರಿಎಳ್ಳು, ಸೊಪ್ಪು ಸೇರಿದರೆ ಹತ್ತಿರ ಹತ್ತಿರ ಆಗುತ್ತದೆ. ರಾಗಿಯಲ್ಲಿರುವ ಫೈಟೇಟ್ ಸ್ವಲ್ಪ ಕ್ಯಾಲ್ಸಿಯಂ ಹಿಡಿದಿಟ್ಟುಕೊಳ್ಳುತ್ತದೆ. ಮೊಳಕೆ ಬರಿಸಿದರೆ ಅದು ಕಡಿಮೆಯಾಗುತ್ತದೆ. ಆದರೆ ಟೊಳ್ಳಾದ ಮೂಳೆಯನ್ನು ಕ್ಯಾಲ್ಸಿಯಂ ಒಂದೇ ತುಂಬಿಕೊಡುವುದಿಲ್ಲ. ಇಟ್ಟಿಗೆ ತಂದು ರಾಶಿ ಹಾಕಿದರೆ ಗೋಡೆ ಏಳುವುದಿಲ್ಲವಲ್ಲ.

ವಿಟಮಿನ್ ಡಿ ವಿಷಯದಲ್ಲಿ ಇನ್ನೊಂದು ಅಭ್ಯಾಸ ನಮ್ಮಲ್ಲಿ ಬೆಳೆದಿದೆ. ಮೈಕೈ ನೋವು ಅಂದರೆ ಆರು ಲಕ್ಷ ಯೂನಿಟ್‌ನ ಒಂದು ಇಂಜೆಕ್ಷನ್ ಚುಚ್ಚಿಬಿಡುವುದು. ಆಸ್ಟ್ರೇಲಿಯಾದಲ್ಲಿ 70 ದಾಟಿದ 2,256 ಹೆಂಗಸರ ಮೇಲೆ ವರ್ಷಕ್ಕೊಮ್ಮೆ ಐದು ಲಕ್ಷ ಯೂನಿಟ್ ಕೊಟ್ಟು ನೋಡಿದರು. ಫಲಿತಾಂಶ 2010ರಲ್ಲಿ ಬಂತು. ಡಿ ತೆಗೆದುಕೊಂಡವರು ಶೇ. 15ರಷ್ಟು ಜಾಸ್ತಿ ಬಿದ್ದರು, ಶೇ. 26ರಷ್ಟು ಜಾಸ್ತಿ ಮುರಿದುಕೊಂಡರು. ಕೊರತೆ ಇದ್ದವರಿಗೆ ಡಿ ಬೇಕೇ ಬೇಕು, ಸಣ್ಣ ಪ್ರಮಾಣದಲ್ಲಿ, ದಿನವೋ ವಾರವೋ. ಒಂದೇ ಸಲ ಸುರಿಯುವುದು ಬೇಡ.

ನಿಜಕ್ಕೂ ಕೆಲಸ ಮಾಡುವ ಔಷಧಿಗಳು ಇವೆ, ಹೊಸದೂ ಅಲ್ಲ. ವಾರಕ್ಕೊಂದು ಅಲೆಂಡ್ರೊನೇಟ್ ಮಾತ್ರೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ಕಾಫಿಗೂ ಮೊದಲು, ಒಂದು ಲೋಟ ನೀರಲ್ಲಿ ನುಂಗಿ ಅರ್ಧ ಗಂಟೆ ಮಲಗಬಾರದು. ಇದೊಂದು ರಗಳೆ, ಒಪ್ಪುತ್ತೇನೆ. ರಗಳೆ ಬೇಡ ಅಂದರೆ ವರ್ಷಕ್ಕೊಮ್ಮೆ ಡ್ರಿಪ್‌ನಲ್ಲಿ ಕೊಡುವ ಜೊಲೆಡ್ರೊನಿಕ್ ಆಸಿಡ್. 2007ರ ಒಂದು ಪರೀಕ್ಷೆಯಲ್ಲಿ ಹಿಪ್ ಆಪರೇಷನ್ ಆದ 90 ದಿನದೊಳಗೆ ಇದನ್ನು ಕೊಟ್ಟರು. ಮತ್ತೆ ಮೂಳೆ ಮುರಿಯುವುದು ಶೇ. 35, ಸಾವು ಶೇ. 28 ಕಡಿಮೆಯಾಯಿತು. ಮೂತ್ರಪಿಂಡ ಸರಿ ಇರಬೇಕು, ಕೊಡುವ ಮೊದಲು ಡಿ ಕೊರತೆ ಸರಿಪಡಿಸಬೇಕು, ಹಲ್ಲು ಕೀಳಿಸುವುದಿದ್ದರೆ ಮೊದಲೇ ಮುಗಿಸಬೇಕು. ಆರು ತಿಂಗಳಿಗೊಮ್ಮೆ ಕೊಡುವ ಡೆನೊಸುಮ್ಯಾಬ್ ಕೂಡ ಇದೆ. ಅದನ್ನು ಶುರು ಮಾಡಿ ಸುಮ್ನೆ ಬಿಟ್ಟುಬಿಟ್ಟರೆ ಬೆನ್ನುಮೂಳೆಗಳು ಸಾಲಾಗಿ ಮುರಿಯಬಹುದು. ಬಿಡುವುದಾದರೆ ಡಾಕ್ಟರ ಜೊತೆ ಮಾತಾಡಿ, ಬೇರೆಯದಕ್ಕೆ ಬದಲಾಯಿಸಿಯೇ ಬಿಡಬೇಕು.

ಅಲೆಂಡ್ರೊನೇಟ್ ಜಾತಿಯ ಔಷಧಿ ತುಂಬ ವರ್ಷ ತೆಗೆದುಕೊಂಡರೆ ತೊಡೆಮೂಳೆ ನಡುವೆ ಇನ್ನೊಂದು ಬಗೆಯ ಮುರಿತ ಆಗುತ್ತದೆ ಎಂದು ವಾಟ್ಸಾಪ್‌ನಲ್ಲಿ ಓಡಾಡುತ್ತದೆ. ಆಗುವುದು ನಿಜ. ಏಷ್ಯಾ ಮೂಲದ ಹೆಂಗಸರಲ್ಲಿ ಸ್ವಲ್ಪ ಜಾಸ್ತಿ ಅನ್ನುವುದೂ ನಿಜ. ಅಮೆರಿಕದಲ್ಲಿ 2020ರಲ್ಲಿ ಪ್ರಕಟವಾದ ಲೆಕ್ಕ ಹೀಗಿದೆ: ಏಷ್ಯಾ ಮೂಲದ 10 ಸಾವಿರ ಹೆಂಗಸರು ಮೂರು ವರ್ಷ ಔಷಧಿ ತೆಗೆದುಕೊಂಡರೆ 91 ಹಿಪ್ ಫ್ರಾಕ್ಚರ್ ತಪ್ಪುತ್ತವೆ, ಈ ಅಪರೂಪದ ಮುರಿತ 8 ಆಗುತ್ತವೆ. ಅದಕ್ಕೇ ಐದು ವರ್ಷದ ಹೊತ್ತಿಗೆ ಬಿಡುವು ಕೊಡಬಹುದೇ ಎಂದು ಡಾಕ್ಟರು ನೋಡುತ್ತಾರೆ. ತೊಡೆಯಲ್ಲಿ ಹೊಸದಾಗಿ ನೋವು ಬಂದರೆ ಹೇಳಬೇಕು. ವಾಟ್ಸಾಪ್ 8ನ್ನು ಕಳಿಸುತ್ತದೆ, 91ನ್ನು ಕಳಿಸುವುದಿಲ್ಲ.

ಬೀಳದಂತೆ ನೋಡಿಕೊಳ್ಳುವುದೂ ಔಷಧಿಯೇ. ಬಚ್ಚಲಲ್ಲಿ ಹಿಡಿದುಕೊಳ್ಳಲು ಕಂಬಿ, ರಾತ್ರಿ ಸಣ್ಣ ಲೈಟು, ಜಾರುವ ಮ್ಯಾಟ್ ಹೊರಗೆ. ನಿದ್ದೆ ಮಾತ್ರೆ ನುಂಗುತ್ತಿದ್ದರೆ ಅದರ ಬಗ್ಗೆ ಡಾಕ್ಟರನ್ನು ಕೇಳುವುದು. ಕಣ್ಣಿನ ಪೊರೆ ಆಪರೇಷನ್ ಮುಂದೂಡದಿರುವುದು: ಬ್ರಿಟನ್‌ನ ಒಂದು ಪರೀಕ್ಷೆಯಲ್ಲಿ ಮೊದಲ ಕಣ್ಣಿನ ಪೊರೆ ಬೇಗ ತೆಗೆಸಿದ, 70 ದಾಟಿದ ಹೆಂಗಸರು ಬೀಳುವುದು ಶೇ. 34 ಕಡಿಮೆಯಾಯಿತು. ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು, ಗೋಡೆ ಹಿಡಿದು ಒಂಟಿಕಾಲಲ್ಲಿ ನಿಲ್ಲುವುದು, ಇಂಥ ವ್ಯಾಯಾಮ ನಿತ್ಯ ಮಾಡಿದರೆ ಬೀಳುವುದು ನಾಲ್ಕನೇ ಒಂದು ಭಾಗದಷ್ಟು ಇಳಿಯುತ್ತದೆ. ಬರೀ ವಾಕಿಂಗ್‌ನಿಂದ ಅಷ್ಟು ಸಿಗುವುದಿಲ್ಲ.

ಒಂದು ವಿಷಯ ಉಳಿಯಿತು. ಆಸ್ಪತ್ರೆಯಲ್ಲಿ ಅಮ್ಮನ ಪಕ್ಕ ಕೂತು ಬೆಡ್‌ಪ್ಯಾನ್ ಇಡುತ್ತಿರುವ ಮಗಳಿಗೋ ಸೊಸೆಗೋ ಸಾಮಾನ್ಯವಾಗಿ 50ರ ಆಸುಪಾಸು. ಮಗಳಾದರೆ, ಅಮ್ಮನ ತೊಡೆಮೂಳೆ ಮುರಿದದ್ದೇ ಅವಳ ಮೂಳೆಗೂ ಒಂದು ಎಚ್ಚರಿಕೆ. ಷೆಫೀಲ್ಡ್ ವಿಶ್ವವಿದ್ಯಾಲಯದವರು 2008ರಲ್ಲಿ ಮಾಡಿದ ಫ್ರ್ಯಾಕ್ಸ್ ಎಂಬ ಲೆಕ್ಕ ಇಂಟರ್‌ನೆಟ್‌ನಲ್ಲಿ ಸಿಗುತ್ತದೆ, ಭಾರತಕ್ಕೆ ಬೇರೆಯೇ ಲೆಕ್ಕವಿದೆ. 40ರಿಂದ 90 ವಯಸ್ಸಿನವರು ಯಾರಾದರೂ ತುಂಬಬಹುದು. ವಯಸ್ಸು, ತೂಕ, ಎತ್ತರ, ಹಿಂದೆ ಏನಾದರೂ ಮುರಿದಿತ್ತೇ, ಅಪ್ಪ-ಅಮ್ಮನಿಗೆ ಹಿಪ್ ಮುರಿದಿತ್ತೇ, ಸ್ಟೀರಾಯ್ಡ್ ಮಾತ್ರೆ ನುಂಗಿದ್ದೀರಾ, ಹೀಗೆ ಹನ್ನೆರಡು ಪ್ರಶ್ನೆ. ಮುಂದಿನ ಹತ್ತು ವರ್ಷದಲ್ಲಿ ಮುರಿಯುವ ಸಾಧ್ಯತೆ ಶೇಕಡ ಎಷ್ಟು ಎಂದು ಹೇಳುತ್ತದೆ. ಮೂಳೆ ಸಾಂದ್ರತೆಯ ಡೆಕ್ಸಾ ಸ್ಕ್ಯಾನ್ ಮಾಡಿಸದಿದ್ದರೂ ನಡೆಯುತ್ತದೆ, ಆ ಜಾಗ ಖಾಲಿ ಬಿಟ್ಟರಾಯಿತು. ಬಡಾವಣೆಯ ಕ್ಯಾಂಪಿನಲ್ಲಿ ಹಿಮ್ಮಡಿ ಇಟ್ಟು ನೋಡುವ ಪುಕ್ಕಟೆ ಪರೀಕ್ಷೆಯ ಅಂಕಿ ಅಲ್ಲಿ ತುಂಬಬೇಡಿ, ಅದು ಡೆಕ್ಸಾ ಅಲ್ಲ. ಬಂದ ಉತ್ತರವನ್ನು ಪ್ರಿಂಟ್ ಹಾಕಿಸಿ, ಅಮ್ಮನ ಹೊಲಿಗೆ ಬಿಚ್ಚಿಸಲು ಹೋದಾಗ ಅದೇ ಡಾಕ್ಟರಿಗೆ ತೋರಿಸಬಹುದು. ಅಮ್ಮನಿಗೆ ಮೂಳೆಯ ಔಷಧಿ ಯಾವತ್ತಿಂದ ಶುರು ಎಂಬ ಪ್ರಶ್ನೆಯನ್ನೂ ಅಲ್ಲೇ ಕೇಳಬಹುದು.